ಎತ್ತರದ ಊರಿಗೆ ಹೊರಡುವ ಮುಂಚೆ ಕಾರಿನ ಬೂಸ್ಟ್ ಗೇಜ್ ಸರಿಮಾಡಿಕೊಳ್ಳುವುದು ಹೇಗೆ?

ಕಾರು ಲೇಹ್‌ನ ಗೆಸ್ಟ್‌ಹೌಸ್ ಮುಂದೆ ನಿಂತಿದೆ. ಇಂಜಿನ್ ಆಫ್ ಆಗಿದೆ. ಆದರೂ ಬೂಸ್ಟ್ ಗೇಜ್, ಅಂದರೆ ಟರ್ಬೋ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡದಲ್ಲಿ ಇಂಜಿನ್ನಿಗೆ ಗಾಳಿ ತುಂಬುತ್ತಿದೆ ಅಂತ ತೋರಿಸುವ ಮಾಪಕ, ಮೈನಸ್ 5 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತಿದೆ. ಟರ್ಬೋ ಕೆಟ್ಟಿತಾ, ಪೈಪು ಬಿಟ್ಟುಕೊಂಡಿತಾ ಅಂತ ಗಾಬರಿ ಶುರು. ಎರಡೂ ಅಲ್ಲ. ಗೇಜ್ ಇನ್ನೂ ಸಮುದ್ರ ಮಟ್ಟದ ಗಾಳಿಯನ್ನೇ ಸೊನ್ನೆ ಅಂದುಕೊಂಡಿದೆ, ಅಷ್ಟೇ.

ಇಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ. ಸೆಟ್ಟಿಂಗ್‌ಗೆ ಹೋಗಿ ಮುಳ್ಳು ಸೊನ್ನೆಗೆ ಬರುವವರೆಗೆ ಅಂಕಿ ಏರಿಸುತ್ತಾರೆ. ಲೇಹ್‌ನಲ್ಲಿ ಸರಿಹೋಯಿತು. ಮರುದಿನ ಇನ್ನೂ ಎತ್ತರದ ಖರ್ದುಂಗ್ ಲಾ ಘಾಟಿ ಹತ್ತಿದರೆ ಮತ್ತೆ ತಪ್ಪು. ಬೆಂಗಳೂರಿಗೆ ವಾಪಸ್ ಬಂದರೆ ನಿಂತ ಕಾರೇ 3.5 ಪಿಎಸ್‌ಐಗಿಂತ ಜಾಸ್ತಿ ಬೂಸ್ಟ್ ತೋರಿಸುತ್ತದೆ! ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿದ್ದರ ಫಲ ಇದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟರೆ ಮುಂದಿನದಕ್ಕೆ ಅರ್ಥ ಇರುವುದಿಲ್ಲ. ಮೊದಲ ಆರನ್ನು ಹೊರಡುವ ಎರಡು ವಾರ ಮುಂಚೆ, ಊರಲ್ಲೇ ಮುಗಿಸಿಕೊಳ್ಳಿ.

ಬೇಕಾಗುವ ಸಾಮಾನು

ಒತ್ತಡದ ಮಾಪಕ ಇರುವ ಕೈ ಪಂಪು, ಒಂದು ಟಿ ಜಾಯಿಂಟ್, ಎರಡು ಮೀಟರ್ ಒಳ್ಳೆಯ ವ್ಯಾಕ್ಯೂಮ್ ಪೈಪು, ನಾಲ್ಕೈದು ಕ್ಲಿಪ್, ಸೋಪಿನ ನೀರು. ಎಲೆಕ್ಟ್ರಾನಿಕ್ ಗೇಜ್ ಆದರೆ ಮಲ್ಟಿಮೀಟರ್ ಕೂಡ ಬೇಕು. ಬ್ಯಾರೋಮೀಟರ್ ಸೆನ್ಸರ್ ಇರುವ ಫೋನ್ ಮತ್ತು ಒಂದು ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ) ಇದ್ದರೆ ಅರ್ಧ ಕೆಲಸ ಸುಲಭ.

ಪಂಕ್ಚರ್ ಅಂಗಡಿಯ ಟೈರ್ ಗೇಜ್ ಇದಕ್ಕೆ ಆಗುವುದಿಲ್ಲ. ಅದು 30–40 ಪಿಎಸ್‌ಐ ಓದಲು ಮಾಡಿದ್ದು, 5 ಪಿಎಸ್‌ಐ ಹತ್ತಿರ ಅದನ್ನು ನಂಬುವ ಹಾಗಿಲ್ಲ. ಅಲ್ಲಿನ ಕಂಪ್ರೆಸರ್ ಪೈಪನ್ನು ನೇರವಾಗಿ ಬೂಸ್ಟ್ ಗೇಜಿಗೆ ಸಿಕ್ಕಿಸಲೇಬೇಡಿ. ಟ್ಯಾಂಕಿನ ಪೂರ್ತಿ ಒತ್ತಡ ಒಂದೇ ಸಲ ಬಂದರೆ ಒಳಗಿನ ಟ್ಯೂಬ್ ಹಿಗ್ಗಿ ಗೇಜ್ ಕೆಟ್ಟೇ ಹೋಗುತ್ತದೆ.

ಹಂತ 1: ನಿಮ್ಮದು ಯಾವ ಜಾತಿಯ ಗೇಜ್?

ಎಲ್ಲ ಬೂಸ್ಟ್ ಗೇಜಿಗೂ ಎತ್ತರದ ತಿದ್ದುಪಡಿ ಬೇಕಿಲ್ಲ. ಕೆಲವಕ್ಕೆ ಮಾಡಿದರೇ ಕೆಡುತ್ತದೆ. ಅದಕ್ಕೇ ಮೊದಲು ಇದನ್ನು ಗೊತ್ತು ಮಾಡಿಕೊಳ್ಳಿ.

ಡ್ಯಾಶ್‌ಬೋರ್ಡ್‌ವರೆಗೂ ಸಣ್ಣ ರಬ್ಬರ್ ಪೈಪು ಬಂದಿದ್ದರೆ ಅದು ಮೆಕ್ಯಾನಿಕಲ್ ಗೇಜ್. ಅದರೊಳಗೆ ಬಾಗಿದ ಒಂದು ಲೋಹದ ಟ್ಯೂಬ್ ಇರುತ್ತದೆ. ಟ್ಯೂಬಿನ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಮುಳ್ಳು ತೋರಿಸುತ್ತದೆ. ಗೇಜಿನ ಡಬ್ಬಿಗೆ ಹೊರಗಿನ ಗಾಳಿ ಆಡುತ್ತಿದ್ದರೆ ಮಂಗಳೂರಾದರೂ ಲೇಹ್ ಆದರೂ ನಿಂತ ಕಾರಿನಲ್ಲಿ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಇಂಥದ್ದಕ್ಕೆ ಎತ್ತರದ ತಿದ್ದುಪಡಿ ಬೇಡವೇ ಬೇಡ. ಸುಮ್ನೆ 3, 4 ಮತ್ತು 5ನೇ ಹಂತ ಮಾಡಿಕೊಳ್ಳಿ.

ಗ್ಲಿಸರಿನ್ ತುಂಬಿದ, ಸೀಲ್ ಮಾಡಿದ ಗೇಜ್ ಬೇರೆ ಕಥೆ. ಅದರ ಡಬ್ಬಿಯಲ್ಲಿ ತಯಾರಾದ ಜಾಗದ ಗಾಳಿಯೇ ಸಿಕ್ಕಿಕೊಂಡಿರುತ್ತದೆ. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ, ಡಬ್ಬಿಯೊಳಗಿನದು ಹಾಗೇ ಉಳಿಯುತ್ತದೆ. ಹಾಗಾಗಿ ಗೇಜ್ ಕಡಿಮೆ ತೋರಿಸುತ್ತದೆ. ಇವುಗಳಲ್ಲಿ ಬಹಳಷ್ಟಕ್ಕೆ ಮೇಲ್ಗಡೆ ಪುಟ್ಟ ರಬ್ಬರ್ ಬಿರಡೆ ಇರುತ್ತದೆ. ಗೇಜನ್ನು ನೆಟ್ಟಗೆ ನಿಲ್ಲಿಸಿ ಬಿರಡೆಯ ಅಂಚನ್ನು ಒಂದು ಕ್ಷಣ ಎತ್ತಿ, ಗಾಳಿ ಹೊರಗೆ ಹೋದ ಮೇಲೆ ಬಿಟ್ಟುಬಿಡಿ. ತಿದ್ದುಪಡಿ ಮುಗಿಯಿತು. ಎತ್ತರ ಬದಲಾದಾಗಲೆಲ್ಲ ಹೀಗೆ ಮಾಡಬೇಕು ಅನ್ನುವುದೇ ಕಿರಿಕಿರಿ.

ಡ್ಯಾಶ್‌ಬೋರ್ಡಿಗೆ ಬರೀ ವೈರ್ ಬಂದಿದ್ದರೆ ಅದು ಎಲೆಕ್ಟ್ರಾನಿಕ್ ಗೇಜ್. ಸೆನ್ಸರ್ ಬಾನೆಟ್ ಒಳಗೆ ಇರುತ್ತದೆ. ಬಹಳಷ್ಟು ಸೆನ್ಸರ್‌ಗಳು ಅಳೆಯುವುದು ಬೂಸ್ಟನ್ನಲ್ಲ, ಮ್ಯಾನಿಫೋಲ್ಡಿನೊಳಗಿನ (ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಯ ಒಳಗಿನ) ಒಟ್ಟು ಒತ್ತಡವನ್ನು. ಅದರಿಂದ ಹೊರಗಿನ ಗಾಳಿಯ ಒತ್ತಡ ಕಳೆದರೆ ಬೂಸ್ಟ್ ಸಿಗುತ್ತದೆ. ಆ ‘ಹೊರಗಿನ ಒತ್ತಡ’ ಎಷ್ಟು ಅನ್ನುವುದನ್ನು ಗೇಜ್ ಎಲ್ಲಿಂದ ತರುತ್ತದೆ? ಪ್ರಶ್ನೆ ಇರುವುದೇ ಅಲ್ಲಿ. ಕೆಲವು ಗೇಜ್‌ಗಳು 101.3 ಕಿಲೋಪಾಸ್ಕಲ್ ಅಂತ ಕಾಯಂ ಆಗಿ ಇಟ್ಟುಕೊಂಡಿರುತ್ತವೆ. ಕೆಲವು ಪ್ರತಿ ಸಲ ಕೀ ಆನ್ ಮಾಡಿದಾಗ, ಇಂಜಿನ್ ತಿರುಗುವ ಮುಂಚೆ, ಅಳೆದುಕೊಳ್ಳುತ್ತವೆ. ಒಬಿಡಿ ಆ್ಯಪ್ ಬಳಸುವವರದ್ದೂ ಇದೇ ಲೆಕ್ಕ.

ಗೊತ್ತು ಮಾಡುವ ಸುಲಭ ಉಪಾಯ: ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಬೆಂಗಳೂರಿನಲ್ಲಿ ಗೇಜ್ ಸುಮಾರು ಮೈನಸ್ 1.5 ತೋರಿಸಿದರೆ ಅದು ಸಮುದ್ರ ಮಟ್ಟದ ಅಂಕಿಯನ್ನು ಹಿಡಿದು ಕೂತಿದೆ. ಸೊನ್ನೆ ತೋರಿಸಿದರೆ ತಾನೇ ಅಳೆದುಕೊಳ್ಳುತ್ತಿದೆ, ಇಲ್ಲವೇ ಯಾರೋ ಮೊದಲೇ ತಿದ್ದಿದ್ದಾರೆ. ಹಳೇ ಕಾರು ಕೊಂಡಿದ್ದರೆ ಈ ಎರಡನೇದನ್ನು ಮರೆಯಬೇಡಿ.

ಹಂತ 2: ನಿಮ್ಮೂರಿನ ನಿಜವಾದ ಗಾಳಿಯ ಒತ್ತಡ ಹುಡುಕಿ

ಎಲ್ಲರೂ ಎಡವುವ ಜಾಗ ಇದು. ನಾನೂ ಎಡವಿದ್ದೆ.

ಹವಾಮಾನದ ಆ್ಯಪ್ ತೆರೆದರೆ ಬೆಂಗಳೂರಿಗೆ 1012, 1014 ಹೆಕ್ಟೋಪಾಸ್ಕಲ್ ಹೀಗೆ ಏನೋ ತೋರಿಸುತ್ತದೆ. ಲೇಹ್‌ಗೂ ಹೆಚ್ಚುಕಮ್ಮಿ ಅದೇ. ಅದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಅಂಕಿ. ಹವಾಮಾನ ನಕ್ಷೆಯಲ್ಲಿ ಒಂದೂರನ್ನು ಇನ್ನೊಂದೂರಿಗೆ ಹೋಲಿಸಲು ಹಾಗೆ ಮಾಡುತ್ತಾರೆ. ನಿಮ್ಮ ಕಾರಿನ ಸುತ್ತ ಇರುವ ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಬೆಂಗಳೂರಿನ ನೆಲದ ಮೇಲೆ ನಿಜವಾಗಿ ಇರುವುದು 910 ಹೆಕ್ಟೋಪಾಸ್ಕಲ್ ಆಸುಪಾಸು, ಅಂದರೆ 91 ಕಿಲೋಪಾಸ್ಕಲ್.

ನಾನು ಮೊದಲ ಸಲ ಆ 1013ನ್ನೇ ಆ್ಯಪ್‌ಗೆ ಹಾಕಿದ್ದೆ. ಗೇಜ್ ಮೈನಸ್ 1.5 ಅಂತು. ಸರಿ, ಸೆನ್ಸರ್ ತಪ್ಪು ಅಂದುಕೊಂಡು 1.5 ಕೂಡಿಸಿದೆ. ಸೊನ್ನೆ ಬಂತು, ಖುಷಿಯಾಯಿತು. ಮುಂದಿನ ವಾರ ಮಂಗಳೂರಿಗೆ ಹೋಗಿ ಪಣಂಬೂರು ಬೀಚಿನ ಹತ್ತಿರ ಕಾರು ನಿಲ್ಲಿಸಿ ನೋಡಿದರೆ, ಇಂಜಿನ್ ಆಫ್ ಇದ್ದರೂ ಒಂದೂವರೆ ಪಿಎಸ್‌ಐ ಬೂಸ್ಟ್! ಇದ್ದದ್ದು ಒಂದೇ ತಪ್ಪು. ಅದನ್ನು ಮುಚ್ಚಲು ಹೋಗಿ ಎರಡು ಮಾಡಿದ್ದೆ.

ನಿಜವಾದ ಅಂಕಿ ಸಿಗುವುದು ಫೋನಿನ ಬ್ಯಾರೋಮೀಟರ್ ಸೆನ್ಸರಿನಿಂದ. ಸೆನ್ಸರಿನ ಕಚ್ಚಾ ಅಂಕಿ ತೋರಿಸುವ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ‘ಸಮುದ್ರ ಮಟ್ಟಕ್ಕೆ ತಿದ್ದು’ ಅನ್ನುವ ಆಯ್ಕೆ ಇದ್ದರೆ ಆಫ್ ಮಾಡಿ. ಇಲ್ಲವೇ ಒಬಿಡಿಯಲ್ಲಿ 33 ಅನ್ನುವ ಪಿಐಡಿ (ಪ್ರತಿ ಅಳತೆಗೂ ಇರುವ ಸಂಕೇತ) ನೋಡಿ, ಅದು ಕಾರಿನದೇ ಬ್ಯಾರೋಮೀಟರ್ ಅಂಕಿ. ಎರಡೂ ಇಲ್ಲದಿದ್ದರೆ ಎತ್ತರದಿಂದ ಅಂದಾಜು ಮಾಡಬಹುದು:

ಮಂಗಳೂರು, ಸಮುದ್ರ ಮಟ್ಟ: ಸುಮಾರು 101 ಕಿಲೋಪಾಸ್ಕಲ್ (14.7 ಪಿಎಸ್‌ಐ)
ಬೆಂಗಳೂರು, 920 ಮೀಟರ್: 91 (13.2)
ಮುಳ್ಳಯ್ಯನಗಿರಿ, 1930 ಮೀಟರ್: 80 (11.6)
ಲೇಹ್, 3500 ಮೀಟರ್: 66 (9.5)
ಖರ್ದುಂಗ್ ಲಾ, 5359 ಮೀಟರ್: 52 (7.5)

ಹವೆ ಬದಲಾದಂತೆ ಒಂದೆರಡು ಕಿಲೋಪಾಸ್ಕಲ್ ಅತ್ತಿತ್ತ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. 1 ಪಿಎಸ್‌ಐ ಅಂದರೆ 6.9 ಕಿಲೋಪಾಸ್ಕಲ್, 1 ಬಾರ್ ಅಂದರೆ 100 ಕಿಲೋಪಾಸ್ಕಲ್. ಗೇಜಿನ ಮುಖದ ಮೇಲೆ ಯಾವುದು ಬರೆದಿದೆ ಅಂತ ಒಂದು ಸಲ ನೋಡಿಕೊಳ್ಳಿ.

ಹಂತ 3: ಲೀಕ್ ಇಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ

ಲೀಕ್ ಆಗುವ ಪೈಪಿಗೆ ಕ್ಯಾಲಿಬ್ರೇಷನ್ ಮಾಡುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಮ್ಯಾನಿಫೋಲ್ಡಿನ ಕಡೆಯಿಂದ ಗೇಜಿನ ಪೈಪು ಬಿಚ್ಚಿ. ಆ ತುದಿಗೆ ಕೈ ಪಂಪು ಸಿಕ್ಕಿಸಿ 10 ಪಿಎಸ್‌ಐ ಕೊಟ್ಟು ಎರಡು ನಿಮಿಷ ಕಾಯಿರಿ. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಇಂಜಿನ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟ ಪೈಪಿಗೆ ಟೇಪ್ ಸುತ್ತಬೇಡಿ, ಬದಲಾಯಿಸಿ.

ಗಾಳಿ ಕೊಡುವುದು ಗೇಜಿನ ಕಡೆಗೆ ಮಾತ್ರ. ಇಂಜಿನ್ ಕಡೆಗೆ ಪಂಪು ಹಾಕಬೇಡಿ.

ಗೇಜಿಗೆ ಪೈಪು ಎಲ್ಲಿಂದ ತೆಗೆದಿದ್ದಾರೆ ಅನ್ನುವುದನ್ನೂ ಈಗಲೇ ನೋಡಿ. ಬೂಸ್ಟ್ ಮಿತಿ ಮೀರದಂತೆ ತಡೆಯುವ ಕವಾಟವಾದ ವೇಸ್ಟ್‌ಗೇಟಿನ ಆಕ್ಚುಯೇಟರ್ ಪೈಪಿಗೆ ಟಿ ಹಾಕಿದ್ದರೆ ತೆಗೆಸಿ. ಆ ಟಿ ಲೀಕ್ ಆದರೆ ವೇಸ್ಟ್‌ಗೇಟ್‌ಗೆ ತಲುಪುವ ಒತ್ತಡ ಕಡಿಮೆಯಾಗಿ ಟರ್ಬೋ ಮಿತಿ ಮೀರಿ ಬೂಸ್ಟ್ ಕಟ್ಟುತ್ತದೆ. ಬ್ರೇಕ್ ಬೂಸ್ಟರ್ ಪೈಪಿಗಂತೂ ಕೈ ಹಾಕಲೇಬೇಡಿ. ಲೀಕ್ ಆದರೆ ಬ್ರೇಕಿಗೆ ಸಿಗುವ ನೆರವೇ ಹೋಗಿ ಪೆಡಲ್ ಗಟ್ಟಿಯಾಗುತ್ತದೆ, ಅದೂ ಘಾಟಿಯಲ್ಲಿ.

ಹಂತ 4: ಸೊನ್ನೆ ಸರಿಮಾಡಿ

ಇಂಜಿನ್ ಪೂರ್ತಿ ತಣ್ಣಗಿರಲಿ, ಬೆಳಿಗ್ಗೆಯೇ ಒಳ್ಳೆಯದು. ಬಿಸಿಯಲ್ಲಿ ಸೆನ್ಸರೂ ಸ್ವಲ್ಪ ಓಡಾಡುತ್ತದೆ.

ಮೆಕ್ಯಾನಿಕಲ್ ಗೇಜ್ ಆದರೆ ಪೈಪನ್ನು ಗೇಜಿನಿಂದಲೇ ಬಿಚ್ಚಿ ಮುಳ್ಳು ನೋಡಿ. ಸೊನ್ನೆಯಲ್ಲಿ ಇದ್ದರೆ ಮುಂದಿನ ಹಂತಕ್ಕೆ ಹೋಗಿ. ಕೆಲವು ಗೇಜಿನಲ್ಲಿ ಸೊನ್ನೆಯ ಪಕ್ಕ ಸಣ್ಣ ಪಿನ್ ಇರುತ್ತದೆ, ಮುಳ್ಳು ಅದಕ್ಕಿಂತ ಕೆಳಗೆ ಹೋಗಲಾರದು. ಇಂಥ ಗೇಜಿನ ಸೊನ್ನೆಯನ್ನು ನಂಬಬೇಡಿ, ಮುಳ್ಳು ಪಿನ್ನಿಗೆ ಒರಗಿ ಕೂತಿರಬಹುದು. 5ನೇ ಹಂತದಲ್ಲಿ ಇದು ಬಯಲಾಗುತ್ತದೆ. ಸೊನ್ನೆ ಸ್ಕ್ರೂ ಇದ್ದರೆ ಅದರಿಂದಲೇ ತಿರುಗಿಸಿ. ಇಲ್ಲದಿದ್ದರೆ ಮುಳ್ಳನ್ನು ಕಿತ್ತು ಕೂರಿಸುವ ಸಾಹಸ ಬೇಡ. ಆ ತಂತಿಯಂಥ ಕಡ್ಡಿ ಬಾಗಿದರೆ ಹೊಸ ಗೇಜೇ ಗತಿ.

ಎಲೆಕ್ಟ್ರಾನಿಕ್ ಗೇಜಿನಲ್ಲಿ ಮೊದಲು ಸೆನ್ಸರ್ ಸರಿಯಿದೆಯಾ ನೋಡಬೇಕು, ಆಮೇಲೆ ಸೆಟ್ಟಿಂಗ್. ಕೀ ಆನ್, ಇಂಜಿನ್ ಆಫ್. ಸೆನ್ಸರಿನ ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಅಳೆಯಿರಿ. ಒಂದು ಉದಾಹರಣೆ: 0 ವೋಲ್ಟಿಗೆ 1 ಕಿಲೋಪಾಸ್ಕಲ್, 5 ವೋಲ್ಟಿಗೆ 315 ಕಿಲೋಪಾಸ್ಕಲ್ ಇರುವ 3 ಬಾರ್ ಸೆನ್ಸರ್ ತಗೊಳ್ಳಿ. ಇದು ಮಂಗಳೂರಿನಲ್ಲಿ ಸುಮಾರು 1.6 ವೋಲ್ಟ್ ಕೊಡುತ್ತದೆ. ಬೆಂಗಳೂರಿನಲ್ಲಿ 1.43, ಲೇಹ್‌ನಲ್ಲಿ 1.03. ನಿಮ್ಮ ಸೆನ್ಸರಿನ ಅಳತೆ ಅದರ ಜೊತೆ ಬಂದ ಕಾಗದದಲ್ಲಿ ಇರುತ್ತದೆ. ವೋಲ್ಟೇಜ್ ಹೊಂದಿದರೆ ಸೆನ್ಸರ್ ಸರಿ, ತಪ್ಪು ಗೇಜಿನ ಲೆಕ್ಕದಲ್ಲಿದೆ. ಹೊಂದದಿದ್ದರೆ ಅರ್ತ್ ವೈರ್ ನೋಡಿ. ತುಕ್ಕು ಹಿಡಿದ ಬೋಲ್ಟಿಗೆ ಅರ್ತ್ ಕಟ್ಟಿದ್ದರೆ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಕದಲುತ್ತದೆ. ಅದೇ ಗುರುತು.

ಈಗ ಸೆಟ್ಟಿಂಗ್. ಹೊರಗಿನ ಒತ್ತಡವನ್ನು ಕೀ ಆನ್ ಆದಾಗ ತಾನೇ ಅಳೆಯುವ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ 2ನೇ ಹಂತದ ಅಂಕಿ ಹಾಕಿ. ‘ಆಫ್‌ಸೆಟ್’ ಅಂತ ಬೇರೆ ಒಂದು ಖಾನೆ ಇರುತ್ತದೆ, ಅದನ್ನು ಸೊನ್ನೆಯಲ್ಲೇ ಬಿಡಿ. ಆಫ್‌ಸೆಟ್ ಇರುವುದು ಸೆನ್ಸರಿನ ಸಣ್ಣ ತಪ್ಪಿಗೆ, ಎತ್ತರಕ್ಕಲ್ಲ. ಬೆಂಗಳೂರಿನಿಂದ ಮಂಗಳೂರುವರೆಗೆ ನಾನು ಮಾಡಿದ ತಪ್ಪು ಇದೇ.

ಒಬಿಡಿ ಆ್ಯಪ್‌ನವರಿಗೆ ಒಂದು ಮಾತು. ಮ್ಯಾನಿಫೋಲ್ಡ್ ಒತ್ತಡ ಬರುವುದು 0ಬಿ ಪಿಐಡಿಯಿಂದ, ಅದು 255 ಕಿಲೋಪಾಸ್ಕಲ್ ದಾಟಿ ತೋರಿಸಲಾರದು. ಸಮುದ್ರ ಮಟ್ಟದಲ್ಲಿ ಸುಮಾರು 22 ಪಿಎಸ್‌ಐಗೆ ಮುಳ್ಳು ಗೋಡೆಗೆ ಹೊಡೆದ ಹಾಗೆ ನಿಂತರೆ ಕಾರಣ ಇದು, ಟರ್ಬೋ ಅಲ್ಲ.

ಹಂತ 5: ಮೇಲಿನ ಅಂಕಿಗಳೂ ಸರಿಯಾ?

ಸೊನ್ನೆ ಸರಿಯಿದ್ದ ಮಾತ್ರಕ್ಕೆ 15 ಸರಿಯಿರಬೇಕು ಅಂತೇನಿಲ್ಲ. ಗೇಜಿಗೂ ನಂಬಿಕೆಯ ಮಾಪಕಕ್ಕೂ ಟಿ ಹಾಕಿ 5, 10, 15 ಪಿಎಸ್‌ಐ ಕೊಡುತ್ತಾ ಹೋಗಿ. ಪ್ರತಿ ಕಡೆ ಎರಡರ ಅಂಕಿಯನ್ನೂ ಬರೆದಿಡಿ. ಮೇಲೆ ಹೋಗುವಾಗ ಒಂದು ಸಲ, ಕೆಳಗೆ ಇಳಿಸುವಾಗ ಒಂದು ಸಲ. ಎಲ್ಲ ಕಡೆ ವ್ಯತ್ಯಾಸ ಒಂದೇ ಆಗಿದ್ದರೆ ಸೊನ್ನೆ ಜಾರಿದೆ. ಮೇಲೆ ಹೋದಂತೆ ವ್ಯತ್ಯಾಸ ಬೆಳೆದರೆ ಅಳತೆಯೇ ತಪ್ಪು, ಎಲೆಕ್ಟ್ರಾನಿಕ್ ಗೇಜಿನಲ್ಲಿ ಬೇರೆ ಸೆನ್ಸರ್ ಆಯ್ಕೆ ಆಗಿರಬಹುದು. ಏರುವಾಗ ಒಂದು, ಇಳಿಯುವಾಗ ಇನ್ನೊಂದು ತೋರಿಸಿದರೆ ಒಳಗೆ ಏನೋ ಸವೆದಿದೆ. ಅದನ್ನು ತಿದ್ದಲಾಗದು.

ನಂಬಿಕೆಯ ಮಾಪಕ ಇಲ್ಲವಾ? ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಲೆವೆಲ್ ಪೈಪು 10 ಮೀಟರ್ ತನ್ನಿ. 70 ಸೆಂಟಿಮೀಟರ್ ನೀರಿನ ಎತ್ತರ ಅಂದರೆ ಹೆಚ್ಚುಕಮ್ಮಿ 1 ಪಿಎಸ್‌ಐ. ಇದಕ್ಕಿಂತ ಪ್ರಾಮಾಣಿಕ ಮಾಪಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪೈಪಿನ ಒಂದು ತುದಿಯನ್ನು ಗೇಜಿಗೆ ಸಿಕ್ಕಿಸಿ. ಆ ಕಡೆ ಎರಡು ಮೀಟರ್ ಪೈಪು ಒಣಗಿರಲಿ, ನೀರು ಗೇಜಿನೊಳಗೆ ಹೋಗಬಾರದು. ಉಳಿದದ್ದರಲ್ಲಿ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ. ತೆರೆದ ತುದಿಯನ್ನು ಇನ್ನೊಬ್ಬರು ಮೊದಲ ಮಹಡಿಯಿಂದ ಮೇಲೆತ್ತಲಿ. ಎರಡು ಕಡೆಯ ನೀರಿನ ಮಟ್ಟಕ್ಕೂ ನಡುವೆ 3.5 ಮೀಟರ್ ಆದಾಗ ಗೇಜ್ 5 ತೋರಿಸಬೇಕು. ನಮ್ಮ ಮನೆಯಲ್ಲಿ ಹೆಂಡತಿ ಬಾಲ್ಕನಿಯಲ್ಲಿ ಪೈಪು ಹಿಡಿದು ನಿಂತಿದ್ದಳು, ನಾನು ಕೆಳಗೆ ಟೇಪು ಹಿಡಿದಿದ್ದೆ. ಪಕ್ಕದ ಮನೆ ಅಜ್ಜಿ ಗೇಟಿನ ಹತ್ತಿರ ಬಂದು, ‘ಏನಪ್ಪಾ, ಸಂಪಿನ ನೀರು ಮೇಲಕ್ಕೆ ಹತ್ತುತ್ತಿಲ್ಲವಾ?’ ಅಂತ ಕೇಳಿದ್ದರು. ಗೇಜ್ 4.8 ತೋರಿಸಿತ್ತು. ನನಗೆ ಅಷ್ಟು ಸಾಕು.

ಹಂತ 6: ರಸ್ತೆಯಲ್ಲಿ ಒಂದು ಓಟ

ಖಾಲಿ, ನೇರ ರಸ್ತೆ ಹುಡುಕಿ. ಅಂಕಿ ನೋಡುವುದು ಪಕ್ಕದಲ್ಲಿ ಕೂತವರ ಕೆಲಸ, ಡ್ರೈವರ್ ಕಣ್ಣು ರಸ್ತೆಯ ಮೇಲೇ ಇರಲಿ. ಇಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ಗರಿಷ್ಠ ಬೂಸ್ಟ್ ಎಷ್ಟು, ಯಾವ ಆರ್‌ಪಿಎಂನಲ್ಲಿ ಅಂತ ಚೀಟಿಯಲ್ಲಿ ಬರೆಯಿರಿ. ಒಬಿಡಿ ಇದ್ದರೆ ಮ್ಯಾನಿಫೋಲ್ಡ್ ಒತ್ತಡದಿಂದ ಬ್ಯಾರೋಮೀಟರ್ ಅಂಕಿ ಕಳೆದು ಗೇಜಿನ ಜೊತೆ ತಾಳೆ ನೋಡಿ. ಒಂದು ಪಿಎಸ್‌ಐ ಒಳಗೆ ಇದ್ದರೆ ಸಾಕು. ಈ ಚೀಟಿ ಕಾರಿನಲ್ಲೇ ಇರಲಿ.

ಹಂತ 7: ಮೇಲೆ ಹೋದಾಗ ಏನು ಮಾಡಬೇಕು, ಏನು ಮಾಡಬಾರದು

ಕಾಯಂ ಅಂಕಿಯ ಗೇಜ್ ಆದರೆ ತಂಗುವ ಊರಿಗೊಂದು ಸಲ ಹೊರಗಿನ ಒತ್ತಡ ಬದಲಾಯಿಸಿ. ತಾನೇ ಅಳೆಯುವ ಗೇಜ್ ಆದರೆ ಬೇರೆ ಎಚ್ಚರ ಬೇಕು. ಅದು ಅಳೆಯುವುದು ಕೀ ಆನ್ ಆದಾಗ ಮಾತ್ರ. ಲೇಹ್‌ನಿಂದ ಖರ್ದುಂಗ್ ಲಾಗೆ ಸುಮಾರು 40 ಕಿಲೋಮೀಟರ್, ಏರುವುದು 1850 ಮೀಟರಿಗೂ ಜಾಸ್ತಿ. ನಡುವೆ ಆಫ್ ಮಾಡದೆ ಹೋದರೆ ಗೇಜ್ ಮೇಲೂ ಲೇಹ್‌ನ 66ನ್ನೇ ಕಳೆಯುತ್ತಿರುತ್ತದೆ. ಅಲ್ಲಿ ಇರುವುದು 52. ಎರಡು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಟರ್ಬೋ ತಣಿಯಲಿ, ಆಮೇಲೆ ಆಫ್ ಮಾಡಿ. ಒಂದು ನಿಮಿಷ ಬಿಟ್ಟು ಕೀ ಆನ್ ಮಾಡಿ ಹತ್ತು ಸೆಕೆಂಡ್ ಕಾಯ್ದು ಸ್ಟಾರ್ಟ್ ಮಾಡಿ. ಪುಶ್ ಬಟನ್ ಕಾರಿನವರು ಬ್ರೇಕು, ಕ್ಲಚ್ ಒತ್ತದೆ ಬಟನ್ ಒತ್ತಿದರೆ (ಬಹಳಷ್ಟು ಕಾರಿನಲ್ಲಿ ಎರಡು ಸಲ) ಇಂಜಿನ್ ತಿರುಗದೆ ಇಗ್ನಿಷನ್ ಮಾತ್ರ ಬರುತ್ತದೆ.

ಪೆಟ್ರೋಲ್ ಟರ್ಬೋ ಇದ್ದವರು ಐಡಲ್‌ನಲ್ಲಿ ವ್ಯಾಕ್ಯೂಮ್ (ಸೊನ್ನೆಗಿಂತ ಕೆಳಗಿನ ಅಂಕಿ) ಕಡಿಮೆ ಬಂತು ಅಂತ ಲೀಕ್ ಹುಡುಕಲು ಹೊರಡಬೇಡಿ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಪಾದರಸ (ವ್ಯಾಕ್ಯೂಮಿನ ಅಳತೆ) ಕಡಿಮೆ ಆಗುವುದು ಸಹಜ. ಡೀಸೆಲ್‌ನಲ್ಲಿ ಐಡಲ್‌ಗೆ ಮುಳ್ಳು ಹೇಗೂ ಸೊನ್ನೆ ಹತ್ತಿರವೇ.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು. ‘ಊರಲ್ಲಿ 18 ತೋರಿಸುತ್ತಿತ್ತು, ಇಲ್ಲಿ 15 ಬರುತ್ತಿದೆ’ ಅಂತ ಗೇಜನ್ನೋ ವೇಸ್ಟ್‌ಗೇಟನ್ನೋ ತಿರುಗಿಸಿ 18 ಮಾಡುವುದು. ಲೆಕ್ಕ ನೋಡಿ. ಸಮುದ್ರ ಮಟ್ಟದಲ್ಲಿ 1 ಬಾರ್ ಬೂಸ್ಟ್ ಅಂದರೆ ಟರ್ಬೋ ಗಾಳಿಯನ್ನು ಎರಡು ಪಟ್ಟು ಒತ್ತುತ್ತಿದೆ. ಲೇಹ್‌ನಲ್ಲಿ ಮ್ಯಾನಿಫೋಲ್ಡಿನೊಳಗೆ ಅಷ್ಟೇ, ಅಂದರೆ ಒಟ್ಟು 2 ಬಾರ್ ತುಂಬಬೇಕಾದರೆ ಮೂರು ಪಟ್ಟು ಒತ್ತಬೇಕು. ಅದಕ್ಕೆ ಟರ್ಬೋ ಇನ್ನೂ ಜೋರಾಗಿ ತಿರುಗಬೇಕು, ಹೊಗೆಯ ಬಿಸಿ ಏರುತ್ತದೆ, ಬೇರಿಂಗ್ ಸವೆಯುತ್ತದೆ. ಅದಕ್ಕೇ ಇಂಜಿನ್ ಕಂಪ್ಯೂಟರ್ ಮೇಲೆ ಹೋದಂತೆ ಕಡಿವಾಣ ಹಾಕುತ್ತದೆ. ಕಾರು ಮಂದವಾದರೆ ಆಗಲಿ, ಒಂದು ಗೇರ್ ಇಳಿಸಿ ಹತ್ತಿಸಿ.

ಹೆದರಬೇಕಾದ ಗುರುತುಗಳು

ಇವು ಕಂಡರೆ ಗೇಜ್ ಬಿಟ್ಟು ಇಂಜಿನ್ ಕಡೆ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಹೊಸದಾಗಿ ಸಿಳ್ಳೆ ಅಥವಾ ಬುಸ್ ಅನ್ನುವ ಸದ್ದು: ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರಿನ ಪೈಪು ಸಡಿಲವಾಗಿದೆ. ಕಪ್ಪು ಹೊಗೆ ದಟ್ಟವಾಗಿ ಬಂದು ಬೂಸ್ಟೂ ಏರದಿದ್ದರೆ ಗಾಳಿ ಸೋರುತ್ತಿದೆ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ, ಮುಂದೆ ಹೋಗಬೇಡಿ. ಚೆಕ್ ಇಂಜಿನ್ ದೀಪ ಹತ್ತಿ ಒಬಿಡಿಯಲ್ಲಿ ಪಿ0299 ಕೋಡ್ ಬಂದರೆ ಬೂಸ್ಟ್ ಕಡಿಮೆ, ಪಿ0234 ಬಂದರೆ ಜಾಸ್ತಿ. ಪಿ2227 ಬಂದರೆ ಕಾರಿನ ಬ್ಯಾರೋಮೀಟರ್ ಅಂಕಿಯೇ ಅನುಮಾನ, ಆಗ ಒಬಿಡಿಯ 33ನ್ನು ನಂಬಬೇಡಿ, ಫೋನಿನದ್ದನ್ನು ನೋಡಿ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಮತ್ತೆ ಕೀ ಮಾತ್ರ ಆನ್ ಮಾಡಿ ಸೊನ್ನೆ ನೋಡಿ. ಕಾಯಂ ಅಂಕಿ ಬದಲಾಯಿಸಿದ್ದವರು ಅದನ್ನು ನಿಮ್ಮೂರಿನ ಅಂಕಿಗೆ (ಬೆಂಗಳೂರಾದರೆ 91) ವಾಪಸ್ ತನ್ನಿ. ಆಮೇಲೆ ಅದೇ ರಸ್ತೆ, ಅದೇ ಮೂರನೇ ಗೇರ್, ಕೈಯಲ್ಲಿ ಅದೇ ಚೀಟಿ. ಎರಡು ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಬಂದರೆ ದಾರಿಯ ಕುಲುಕಾಟದಲ್ಲಿ ಯಾವುದೋ ಕ್ಲಿಪ್ ಸಡಿಲವಾಗಿದೆ. 3ನೇ ಹಂತದಿಂದ ಮತ್ತೆ ಶುರು ಮಾಡಿ.